ಒಂದು ರಿಜಿಸ್ಟರಿನ ಪಾಠಾಂತರಗಳು

ಪಂಪನ ಒಂದು ಪದ್ಯದ ಪಾಠ ಸರಿಯೇ ತಪ್ಪೇ ಎಂದು ನಮ್ಮ ಪಂಡಿತರು ವರ್ಷಗಟ್ಟಲೆ ವಾದ ಮಾಡಿದ್ದುಂಟು. ಅದು ಮಾಡತಕ್ಕ ವಾದವೇ. ಆದರೆ ಮಲೆನಾಡಿನ ಶಾಲೆಯೊಂದರ ಪುಸ್ತಕದ ರಿಜಿಸ್ಟರನ್ನು ಮುಂದಿಟ್ಟುಕೊಂಡು, ಅದರ ಪಾಠವನ್ನು ಪರಿಷ್ಕರಿಸುತ್ತೇನೆಂದು ಹೊರಟವನನ್ನು ಕಂಡರೆ ಜನ ನಗುತ್ತಾರೆ. ನನ್ನ ಸಹೋದ್ಯೋಗಿಗಳು ನಕ್ಕರು, ಮನೆಯಲ್ಲಿಯೂ ನಕ್ಕರು. ವಾಚಕರೂ ಒಮ್ಮೆ ನಕ್ಕು ಮುಂದಕ್ಕೆ ಓದಬೇಕೆಂದು ಬೇಡುತ್ತೇನೆ. ಕಳೆದ ಕೆಲವು ವರ್ಷಗಳಲ್ಲಿ ನಾನು ಓದಿದ ಕನ್ನಡ ಬರೆಹಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಈ ರಿಜಿಸ್ಟರು. ಆದ್ದರಿಂದ ಇದನ್ನು ಒಂದು ಕೃತಿವಿಮರ್ಶೆಯೆಂದೇ ತಿಳಿಯಬಹುದು.

ಕೃತಿ ಇರುವುದು ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ಸೀಮೆಯ ಒಂದು ಪ್ರೌಢಶಾಲೆಯಲ್ಲಿ. ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಮುಖ್ಯೋಪಾಧ್ಯಾಯನಿಗೆ ಮೇಲಿನಿಂದ ಒಂದು ಕಾಗದ ಬಂದೀತು. ಆತ ಎಂ.ಎ. ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತವನು. ನನ್ನಿಂದ ಅವನಿಗೆ ಅಷ್ಟು ಉಪಕಾರ ಸಾಕು.

೨೦೧೯ರ ಆಗಸ್ಟ್ ತಿಂಗಳ ಆಶ್ಲೇಷಾ ಮಳೆಯನ್ನು ಆ ಕಡೆಯವರು ಮರೆತಿಲ್ಲ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ, ಗದ್ದೆ, ಕಾಫಿ ತೋಟಗಳು ಹೋದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಮುಚ್ಚಿತು. ಕಳಸದಲ್ಲಿ ಭದ್ರೆ ಹೆಬ್ಬಾಳೆಯ ಸೇತುವೆಯ ಮೇಲೆ ಹರಿದಳು. ಇವೆಲ್ಲ ಪತ್ರಿಕೆಗಳಲ್ಲಿ ಬಂದ ಸಂಗತಿಗಳು. ನನ್ನ ಗೆಳೆಯನ ಶಾಲೆಯಲ್ಲಿ ಆದದ್ದು ಪತ್ರಿಕೆಗೆ ಬರುವಷ್ಟು ದೊಡ್ಡದಲ್ಲ. ಹಿಂದಿನ ಧರೆ ಜರಿದು ಕೊನೆಯ ಕೊಠಡಿಯ ಗೋಡೆ ಬಿರಿಯಿತು. ಕೆಸರುನೀರು ಒಳಕ್ಕೆ ನುಗ್ಗಿತು. ಆ ಕೊಠಡಿಯಲ್ಲಿ ಇದ್ದದ್ದು ಆಟದ ಸಾಮಾನು, ಮುರಿದ ಬೆಂಚುಗಳು ಮತ್ತು ಮೂರು ಕಪಾಟು ಪುಸ್ತಕ. ಮಾಸ್ತರರೂ ಮಕ್ಕಳೂ ಮೊದಲು ನೋಡಬೇಕಾದದ್ದು ಮನೆ ಕಳೆದುಕೊಂಡವರನ್ನು. ಅವರು ಅದನ್ನೇ ಮಾಡಿದರು. ಪುಸ್ತಕದ ಕೊಠಡಿಯ ಬೀಗ ತೆಗೆದದ್ದು ಒಂಬತ್ತನೆಯ ದಿನ.

ನೆಂದ ಪುಸ್ತಕಕ್ಕೆ ಒಂಬತ್ತು ದಿನವೆಂಬುದು ಒಂದು ಆಯುಷ್ಯ. ಎರಡು ಮೂರು ದಿನಗಳೊಳಗೆ ಬೂಷ್ಟು ಹಿಡಿಯಲು ಆರಂಭವಾಗುತ್ತದೆ. ಮಲೆನಾಡಿನ ಶ್ರಾವಣದಲ್ಲಿ ನೆನೆಯದ ಪುಸ್ತಕಕ್ಕೇ ಬೂಷ್ಟು ಬರುತ್ತದೆ. ನೆಂದದ್ದರ ಗತಿ ಕೇಳಬೇಕೆ? ಪೂರ್ಣ ನೆಂದು ಕೆಸರಾದ ಪುಸ್ತಕವನ್ನು ತೆರೆಯಬಾರದು, ಕೆಸರನ್ನು ಕೆರೆಯಬಾರದು. ಮುಚ್ಚಿದಂತೆಯೇ ಹಿಡಿದು ತಿಳಿನೀರಿನಲ್ಲಿ ಅದ್ದಿ ತೊಳೆದು, ನೀರಿಳಿಸಿ, ಹಾಳೆಗಳ ನಡುವೆ ಅಲ್ಲಲ್ಲಿ ಅಚ್ಚಾಗದ ಬರಿಯ ಕಾಗದವನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಬೇಕು. ಬಿಸಿಲಿಗೆ ಹಾಕಿದರೆ ರಟ್ಟು ಸೊಟ್ಟಗಾಗುತ್ತದೆ. ಒಣಗಿಸಲು ಪುರಸೊತ್ತಿಲ್ಲದಿದ್ದರೆ ಹಿಮಗಟ್ಟಿಸಿ ಇಡುವುದು ಒಳ್ಳೆಯದು. ಹಿಮವಾದಾಗ ಬೂಷ್ಟು ಬೆಳೆಯುವುದಿಲ್ಲ. ೧೯೮೮ರಲ್ಲಿ ಲೆನಿನ್‌ಗ್ರಾಡಿನ ವಿಜ್ಞಾನ ಅಕಾಡೆಮಿಯ ಗ್ರಂಥಾಲಯಕ್ಕೆ ಬೆಂಕಿ ಬಿದ್ದು, ಆರಿಸಲು ಸುರಿದ ನೀರಿನಿಂದ ಲಕ್ಷಾಂತರ ಗ್ರಂಥಗಳು ನೆಂದಾಗ, ಕೆಲವನ್ನು ಹಿಮಗಟ್ಟಿಸಿದರು; ಕೆಲವನ್ನು ಊರಿನ ಜನ ಮನೆಗೆ ಕೊಂಡುಹೋಗಿ ಒಣಗಿಸಿ ತಂದುಕೊಟ್ಟರು. ನಮ್ಮಲ್ಲಿ ಹಿಮವೆಂದರೆ ಕಡಲ ಕಡೆಯಿಂದ ಘಟ್ಟ ಹತ್ತಿ ಬರುವ ಮೀನಿನ ಪೆಟ್ಟಿಗೆಯದು. ಘಾಟಿ ಮುಚ್ಚಿದ್ದರಿಂದ ಅದೂ ಇಲ್ಲ.

ಉಳಿದದ್ದು ಒಲೆ. ಹಿಂದಿನವರು ಓಲೆಗರಿಯ ಕಟ್ಟುಗಳನ್ನು ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದನ್ನು ನಾವು ಅಜ್ಞಾನವೆಂದು ನಗುತ್ತಿದ್ದೆವು. ಆ ಹೊಗೆಯೇ ಹುಳುವನ್ನೂ ತೇವವನ್ನೂ ದೂರವಿಟ್ಟಿತ್ತು. ಹತ್ತಿರದ ತೋಟದವರೊಬ್ಬರು ಏಲಕ್ಕಿ ಒಣಗಿಸುವ ಗೂಡಿನಲ್ಲಿ ಜಾಗ ಕೊಟ್ಟರು. ಹೀಗೆ ಏಲಕ್ಕಿಯ ಪರಿಮಳವನ್ನು ಹೊತ್ತ ಕನ್ನಡ ಪುಸ್ತಕಗಳು ಕೆಲವು ಈಗಲೂ ಆ ಶಾಲೆಯಲ್ಲಿವೆ. ನಕ್ಷೆ, ಬಣ್ಣದ ಚಿತ್ರಗಳ ಪುಸ್ತಕಗಳು ಮಾತ್ರ ಹೋದವು. ನುಣುಪು ಕಾಗದ ನೆಂದು ಒಣಗಿದರೆ ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಾಗುತ್ತದೆ. ಅದನ್ನು ಯಾವ ಪಂಡಿತನೂ ಬಿಡಿಸಲಾರ.

ಈಗ ರಿಜಿಸ್ಟರಿನ ಮಾತು. ಅಕ್ಸೆಷನ್ ರಿಜಿಸ್ಟರು ಎಂಬ ಈ ದಪ್ಪ ಪುಸ್ತಕವನ್ನು ಬಹುಮಂದಿ ನೋಡಿರುವುದಿಲ್ಲ. ಗ್ರಂಥಾಲಯಕ್ಕೆ ಬಂದ ಪ್ರತಿಯೊಂದು ಪ್ರತಿಗೂ ಬಂದ ಕ್ರಮದಲ್ಲಿ ಒಂದು ಅಂಕಿ. ಅದರ ಎದುರಿಗೆ ತಾರೀಖು, ಗ್ರಂಥಕರ್ತ, ಹೆಸರು, ಪ್ರಕಾಶಕ, ವರ್ಷ, ಪುಟ, ಬೆಲೆ, ಬಿಲ್ಲಿನ ನಂಬರು, ಷರಾ. ಒಮ್ಮೆ ಕೊಟ್ಟ ಅಂಕಿಯನ್ನು ಮತ್ತೊಂದು ಪುಸ್ತಕಕ್ಕೆ ಕೊಡತಕ್ಕದ್ದಲ್ಲ. ಪುಸ್ತಕ ಕಳೆದರೂ, ಹರಿದರೂ, ಗೆದ್ದಲು ತಿಂದರೂ ಆ ಅಂಕಿ ಅದರದೇ. ಈ ಶಾಲೆಯ ರಿಜಿಸ್ಟರು ಅರುವತ್ತರ ದಶಕದ ಮೊದಲಲ್ಲಿ ಆರಂಭವಾದದ್ದು. ದೈವದ ವ್ಯಂಗ್ಯ ನೋಡಿ: ಅಚ್ಚಿನ ಮಸಿ ನೀರಿಗೆ ಜಗ್ಗುವುದಿಲ್ಲ, ಆದ್ದರಿಂದ ಪುಸ್ತಕಗಳ ಅಕ್ಷರ ಉಳಿಯಿತು. ರಿಜಿಸ್ಟರನ್ನು ಬರೆದದ್ದು ಶಾಯಿಪೆನ್ನಿನಲ್ಲಿ. ಹಳೆಯ ಮಾಸ್ತರರ ಮುತ್ತಿನಂಥ ಅಕ್ಷರ ನೀಲಿಯ ಮೋಡವಾಗಿ ಹಾಳೆಯ ತುಂಬ ಹರಡಿಕೊಂಡಿತು. ಮುಂದೆ ಬಾಲ್‌ಪೆನ್ನಿನಲ್ಲಿ ಗೀಚಿದವರ ಅಕ್ಷರ ಬಹುಮಟ್ಟಿಗೆ ಉಳಿಯಿತು. ಎಲ್ಲಕ್ಕಿಂತ ಚೆನ್ನಾಗಿ ಉಳಿದದ್ದು ಸೀಸದ ಕಡ್ಡಿಯದು. ಅಂದವಾಗಿ ಬರೆದವರು ಅಳಿದರು, ಅವಸರದಲ್ಲಿ ಬರೆದವರು ಬದುಕಿದರು. ಸಾಹಿತ್ಯಚರಿತ್ರೆಯಲ್ಲಿಯೂ ಹೀಗೆ ಆದದ್ದುಂಟು. ಆದರೆ ಆ ಕಥೆ ಇಲ್ಲಿ ಬೇಡ.

ನಾನು ಹೋಗುವ ಹೊತ್ತಿಗೆ ಗೆಳೆಯ ನಿಶ್ಚಯ ಮಾಡಿಯಾಗಿತ್ತು.

"ಇದನ್ನು ರದ್ದು ಮಾಡಿ ಹೊಸ ರಿಜಿಸ್ಟರು ತೆರೀತೀನಿ ಮಾರಾಯ. ಉಳಿದ ಪುಸ್ತಕಕ್ಕೆ ಒಂದರಿಂದ ನಂಬರು ಹಾಕಿದರೆ ಆಯ್ತು. ದಾನ ಕೊಡೋರು ಬೇಕಾದಷ್ಟು ಜನ ಇದ್ದಾರೆ."

"ಹೋದ ಪುಸ್ತಕದ ಪಟ್ಟಿ?"

"ಪುಸ್ತಕಾನೇ ಹೋದ ಮೇಲೆ ಅದರ ಪಟ್ಟಿ ಇಟ್ಕೊಂಡು ಏನು ಮಾಡೋದು? ತಿಥಿ ಮಾಡೋದಾ?"

ಪ್ರಶ್ನೆ ನ್ಯಾಯವಾದದ್ದೇ. ಆ ದಿನ ಉತ್ತರ ಹೊಳೆಯಲಿಲ್ಲ. ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹಿಂದಿರುಗುವಾಗ ಹೊಳೆಯಿತು. ನಾವು ಕನ್ನಡ ಅಧ್ಯಾಪಕರು ವರ್ಷವರ್ಷವೂ ತರಗತಿಯಲ್ಲಿ ಮಾಡುವುದು ಅದನ್ನೇ ಅಲ್ಲವೆ? ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ನಮಗೆ ದೊರೆತ ಮೊದಲ ಕನ್ನಡ ಗ್ರಂಥ. ಅದರಲ್ಲಿ ಗದ್ಯಕಾರರ ಹೆಸರುಗಳಿವೆ, ಪದ್ಯಕಾರರ ಹೆಸರುಗಳಿವೆ: ನಾಗಾರ್ಜುನ, ಜಯಬಂಧು, ದುರ್ವಿನೀತ, ಶ್ರೀವಿಜಯ, ಚಂದ್ರ, ಲೋಕಪಾಲ. ಇವರ ಆ ಕನ್ನಡ ಕೃತಿಗಳಲ್ಲಿ ಒಂದೂ ನಮಗೆ ದೊರೆತಿಲ್ಲ. ಎಂದರೆ ನಮ್ಮ ಸಾಹಿತ್ಯ ನಮ್ಮ ಕೈಗೆ ಬಂದದ್ದೇ ಕಪಾಟು ಹೋಗಿ ರಿಜಿಸ್ಟರು ಉಳಿದ ಸ್ಥಿತಿಯಲ್ಲಿ. ಆ ಕೆಲವು ಹೆಸರುಗಳನ್ನು ಯಾರಾದರೂ 'ಪುಸ್ತಕವೇ ಇಲ್ಲವಲ್ಲ' ಎಂದು ಕೈಬಿಟ್ಟಿದ್ದರೆ, ಕವಿರಾಜಮಾರ್ಗಕ್ಕಿಂತ ಹಿಂದೆ ಕನ್ನಡದಲ್ಲಿ ಯಾರೂ ಬರೆದಿರಲಿಲ್ಲವೆಂದು ನಾವು ಧಾರಾಳವಾಗಿ ಹೇಳಿಕೊಂಡು ತಿರುಗುತ್ತಿದ್ದೆವು.

ಆ ಪಟ್ಟಿಯ ದೋಷವೂ ನಮ್ಮ ಶಾಲೆಯ ರಿಜಿಸ್ಟರಿನ ದೋಷವೂ ಒಂದೇ ಬಗೆಯವು. ವಿಮಲ, ಉದಯ ಎಂದು ಇಬ್ಬರೋ, ವಿಮಲೋದಯ ಎಂದು ಒಬ್ಬನೋ ಎಂಬ ವಾದ ಇಂದಿಗೂ ಪೂರ್ತಿ ತೀರಿಲ್ಲ. 'ಕವೀಶ್ವರ', 'ಪಂಡಿತ' ಎಂಬವು ಹೆಸರುಗಳೋ ಬಿರುದುಗಳೋ ಎಂಬ ಸಂದೇಹವೂ ಉಂಟು. ಬರೆದಾತನಿಗೆ ಅವೆಲ್ಲ ತಿಳಿದ ಸಂಗತಿಗಳು. ತಾನು ಬರೆದದ್ದು ಸಾಕೆಂದು ಅವನು ಭಾವಿಸಿದ. ನಮ್ಮ ರಿಜಿಸ್ಟರಿನ ಮಾಸ್ತರರೂ ಹಾಗೆಯೇ ಭಾವಿಸಿ, ಗ್ರಂಥಕರ್ತರ ಅಂಕಣದಲ್ಲಿ 'ಕಾರಂತ' ಎಂದೂ ಹೆಸರಿನ ಅಂಕಣದಲ್ಲಿ 'ಕಾದಂಬರಿ' ಎಂದೂ ಬರೆದು ಮುಂದಕ್ಕೆ ಹೋಗಿದ್ದಾರೆ. ಶಿವರಾಮ ಕಾರಂತರು ಬರೆದ ಕಾದಂಬರಿಗಳು ನಲವತ್ತಕ್ಕೂ ಹೆಚ್ಚು! ಇನ್ನೊಂದು ಕಡೆ 'ಕುವೆಂಪು, ಕಾದಂಬರಿ' ಎಂದಿದೆ. ಅಲ್ಲಿ ಮಾತ್ರ ನಮಗೆ ದಾರಿಯುಂಟು. ಕುವೆಂಪು ಬರೆದ ಕಾದಂಬರಿಗಳು ಎರಡೇ. ಕಾನೂರು ಹೆಗ್ಗಡಿತಿ ೧೯೩೬ರಲ್ಲಿ ಬಂದದ್ದು, ಮಲೆಗಳಲ್ಲಿ ಮದುಮಗಳು ೧೯೬೭ರಲ್ಲಿ. ನಮೂದಿನ ತಾರೀಖು ೧೯೬೪. ಆದ್ದರಿಂದ ಅದು ಕಾನೂರು ಹೆಗ್ಗಡಿತಿಯೇ ಆಗತಕ್ಕದ್ದು. ಈ ಒಂದು ನಿರ್ಣಯ ಮಾಡಿದಾಗ ನನಗೆ ಆದ ಸಂತೋಷ ಪರೀಕ್ಷೆಯಲ್ಲಿ ರ‍್ಯಾಂಕು ಬಂದಾಗಲೂ ಆಗಿರಲಿಲ್ಲ. ರ‍್ಯಾಂಕು ಬಂದಿರಲಿಲ್ಲ ಎಂಬುದೂ ನಿಜ.

ಹೀಗೆ ರವಿವಾರಗಳ ಕೆಲಸ ಆರಂಭವಾಯಿತು. ದಾರಿ ತೋರಿಸಿದ್ದು ಗ್ರಂಥಾಲಯಶಾಸ್ತ್ರಕ್ಕಿಂತ ಹೆಚ್ಚಾಗಿ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'. ೧೯೬೪ರಲ್ಲಿ ಪ್ರಕಟವಾದ ಆ ಗ್ರಂಥವನ್ನು ನಾವು ಓಲೆಗರಿಗೆ ಮಾತ್ರ ಸಂಬಂಧಪಟ್ಟದ್ದೆಂದು ತಿಳಿದು ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವೆ. ಒಂದು ಪ್ರತಿ ಕೆಟ್ಟಾಗ ಬೇರೆ ಪ್ರತಿಗಳಿಂದ, ಉಲ್ಲೇಖಗಳಿಂದ, ಛಂದಸ್ಸಿನಿಂದ, ಸಂದರ್ಭದಿಂದ ಮೂಲಪಾಠವನ್ನು ಹುಡುಕುವ ಶಾಸ್ತ್ರ ಅದು. ಮೂಲದಲ್ಲಿ ಇರುವುದನ್ನೂ ಸಂಪಾದಕನು ಊಹಿಸಿದ್ದನ್ನೂ ಬೆರೆಸಬಾರದು ಎಂಬುದು ಅದರ ಧರ್ಮ. ನಮಗೆ ಬೇಕಾದದ್ದೂ ಅದೇ.

ಮೊದಲ ಆಧಾರ, ಉಳಿದ ಪುಸ್ತಕಗಳೇ. ಗ್ರಂಥಾಲಯದ ಪುಸ್ತಕದಲ್ಲಿ ಅಂಕಿಯನ್ನು ಮುಖಪುಟದ ಹಿಂದೆ ಬರೆಯುವುದಲ್ಲದೆ ಒಳಗೆ ಒಂದು ಗೊತ್ತಾದ ಪುಟದಲ್ಲಿಯೂ ಬರೆಯುವ ವಾಡಿಕೆಯುಂಟು. ಕದ್ದವನು ಮುಖಪುಟವನ್ನು ಹರಿದರೂ ಒಳಗಿನ ಗುಟ್ಟಿನ ಪುಟ ಅವನಿಗೆ ತಿಳಿಯದಿರಲಿ ಎಂದು. ಈ ಶಾಲೆಯ ಗುಟ್ಟಿನ ಪುಟ ಯಾವುದೆಂದು ನಾಲ್ಕೈದು ಪುಸ್ತಕ ನೋಡಿದಾಗ ಗೊತ್ತಾಯಿತು, ಗುಟ್ಟು ಬಿಟ್ಟುಕೊಡುವುದಿಲ್ಲ. ಆ ಅಂಕಿಗಳಿಂದ ರಿಜಿಸ್ಟರಿನ ಎಷ್ಟೋ ಸಾಲುಗಳು ಮರಳಿ ತುಂಬಿದವು. ಎರಡನೆಯದು ಹಣದ ಕಾಗದಗಳು. ಪುಸ್ತಕದ ಬಿಲ್ಲುಗಳು ಬೇರೆ ಬೀರುವಿನಲ್ಲಿ, ಎತ್ತರದಲ್ಲಿ, ಒಣಗಿ ಬೆಚ್ಚಗಿದ್ದವು. ನಮ್ಮ ಕಛೇರಿಗಳಲ್ಲಿ ಸರಸ್ವತಿ ನೆಲದ ಮೇಲೆ, ಲಕ್ಷ್ಮಿ ಅಟ್ಟದ ಮೇಲೆ. ಈ ಪಕ್ಷಪಾತವನ್ನು ಅನೇಕ ಸಲ ಬೈದಿದ್ದೇನೆ. ಈ ಸಲ ಕೈಮುಗಿದೆ. ಮೂರನೆಯದು ಚಾರ್ಜು ಪಟ್ಟಿಗಳು: ಒಬ್ಬ ಮಾಸ್ತರರು ವರ್ಗವಾಗಿ ಹೋಗುವಾಗ ಮುಂದಿನವರಿಗೆ ಒಪ್ಪಿಸಿದ ಪುಸ್ತಕಗಳ ಯಾದಿ. ನಾಲ್ಕನೆಯ ಆಧಾರವನ್ನು ಮುಂದೆ ಹೇಳುತ್ತೇನೆ, ಅದೇ ಮುಖ್ಯವಾದದ್ದು.

ರಿಜಿಸ್ಟರು ಮೆಲ್ಲಮೆಲ್ಲನೆ ಮಾತನಾಡತೊಡಗಿತು. ಒಂದು ಸಾಲಿನಲ್ಲಿ ಗ್ರಂಥಕರ್ತ 'ಮಂಕುತಿಮ್ಮ', ಹೆಸರು 'ಕಗ್ಗ' ಎಂದಿತ್ತು. ಡಿ.ವಿ.ಜಿ.ಯವರು ನೋಡಿದ್ದರೆ ಬೇಸರಪಡುತ್ತಿರಲಿಲ್ಲವೆಂದು ನನ್ನ ನಂಬಿಕೆ. ಇನ್ನೊಂದು ಸಾಲಿನಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ವಿಜ್ಞಾನದ ಪುಸ್ತಕಗಳ ಸಾಲಿಗೆ ಸೇರಿದೆ. ತರಗತಿಯಲ್ಲಿ ಹುಡುಗನೊಬ್ಬ ಹೀಗೆ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಆದರೆ ೧೯೮೦ರಲ್ಲಿ ಬಂದ ಆ ಕಾದಂಬರಿ ಮೂಡಿಗೆರೆಯ ಮಣ್ಣಿನದೇ. ಹಾರುವ ಓತಿಯನ್ನು ಕಂಡ ಮಂದಣ್ಣನಂಥವನು ಆ ಶಾಲೆಯ ಪ್ರತಿ ಬೆಂಚಿನಲ್ಲೂ ಕುಳಿತಿರುತ್ತಾನೆ. ಲೇಖಕರೇ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ೨೦೦೭ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದವರು. ಅಲ್ಲಿಯ ಮಾಸ್ತರರೊಬ್ಬರಿಗೆ ಅದು ಕಟ್ಟುಕಥೆಯಾಗಿ ಕಾಣದೆ ಜೀವಶಾಸ್ತ್ರವಾಗಿ ಕಂಡಿತು. ಈ ಕಾದಂಬರಿಯನ್ನು ಕುರಿತು ನಾನು ಓದಿದ ಹಲವು ವಿಮರ್ಶೆಗಳಿಗಿಂತ ಆ ಒಂದು ತಪ್ಪು ನಮೂದು ನನಗೆ ಹೆಚ್ಚು ಹೇಳಿತು. ಗೆಳೆಯ ಅದನ್ನು ತಿದ್ದಬೇಕೆಂದ, ಬೇಡವೆಂದೆ. ಮೂಲಪಾಠ ಇದ್ದಂತೆಯೇ ಇರಲಿ, ಅಡಿಟಿಪ್ಪಣಿಯಲ್ಲಿ 'ಕಾದಂಬರಿ' ಎಂದು ಬರೆಯೋಣ ಎಂದೆ.

ಪಟ್ಟಿಯಿಲ್ಲದೆ ಪುಸ್ತಕಗಳನ್ನು ತುಂಬಿಕೊಳ್ಳುವುದಕ್ಕೆ ನನ್ನ ಆಕ್ಷೇಪಣೆ ಬರಿಯ ಪಾಂಡಿತ್ಯದ್ದಲ್ಲ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಅವರ ಗ್ರಂಥಾಲಯ ೨೦೨೧ರ ಏಪ್ರಿಲ್ ೯ರ ಬೆಳಗಿನ ಜಾವ ಸುಟ್ಟುಹೋದದ್ದು ವಾಚಕರ ನೆನಪಿನಲ್ಲಿರಬಹುದು. ತಾವು ಶಾಲೆ ಕಲಿಯಲಾಗದ ಕೂಲಿಕಾರರೊಬ್ಬರು ೨೦೧೧ರಿಂದ ಕೂಡಿಸಿ, ಯಾರು ಬೇಕಾದರೂ ಬಂದು ಓದಲೆಂದು ತೆರೆದಿಟ್ಟಿದ್ದ ಸುಮಾರು ಹನ್ನೊಂದು ಸಾವಿರ ಪುಸ್ತಕಗಳು. ಅವುಗಳಲ್ಲಿ ಹೆಚ್ಚಿನವು ಕನ್ನಡದವು. ನಾಡು ಮರುಗಿತು, ಹಣ, ಪುಸ್ತಕ ಹರಿದುಬಂದವು. ನಮ್ಮ ಜನದ ಔದಾರ್ಯಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಆ ವಾರವೆಲ್ಲ ನಮ್ಮ ಬಾಯಲ್ಲಿ ಇದ್ದದ್ದು ಒಂದು ಸಂಖ್ಯೆ. ಹನ್ನೊಂದು ಸಾವಿರ, ಹನ್ನೊಂದು ಸಾವಿರ ಎಂದು ಎಲ್ಲರೂ ಹೇಳಿದೆವು. ಅಲ್ಲಿ ಯಾವ ಯಾವ ಪುಸ್ತಕವಿತ್ತು, ಆ ಬಡಾವಣೆಯ ಜನ ಯಾವುದನ್ನು ಮತ್ತೆ ಮತ್ತೆ ತೆಗೆದು ಓದುತ್ತಿದ್ದರು ಎಂದು ಕೇಳಿದವರು ಕಡಮೆ. ನಾನೂ ಕೇಳಲಿಲ್ಲ. ಒಂದು ಕಟ್ಟು ಪುಸ್ತಕ ಬೇರೆ ಮಾಡಿಟ್ಟು ಕೃತಕೃತ್ಯನಾದೆ. ಆ ಕಟ್ಟಿನಲ್ಲಿ ಇದ್ದವು ನನಗೆ ಬೇಡವಾಗಿದ್ದ ಪುಸ್ತಕಗಳೆಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ದಾನದ ಸ್ವಭಾವವೇ ಅದು. ಕೊಡುವವನ ಕಪಾಟು ಹಗುರವಾಗುತ್ತದೆ. ನಮ್ಮ ಮಲೆನಾಡಿನ ಶಾಲೆಗೆ ಪೇಟೆಯಿಂದ ಬಂದ ಪೆಟ್ಟಿಗೆಗಳಲ್ಲಿ ಹಳೆಯ ಪರೀಕ್ಷೆಯ ಗೈಡುಗಳು, ಬದಲಾದ ಪಠ್ಯಗಳು, ಯಾವುದೋ ಕಂಪನಿಯ ವಾರ್ಷಿಕ ವರದಿ ಇದ್ದವು. ಒಂದರಿಂದ ಹೊಸದಾಗಿ ಅಂಕಿ ಹಾಕಿದ್ದರೆ ಈ ವಾರ್ಷಿಕ ವರದಿಯೇ ಶಾಲೆಯ ಮೊದಲ ಪುಸ್ತಕವಾಗುತ್ತಿತ್ತೋ ಏನೋ! ಹೋದವುಗಳ ಪಟ್ಟಿ ಕೈಯಲ್ಲಿದ್ದರೆ ಕೊಡುವವರಿಗೆ 'ಇಂಥದು ಬೇಕು' ಎಂದು ಹೇಳುವ ಬಾಯಿ ಬರುತ್ತದೆ. ಸರ್ಕಾರಿ ಶಾಲೆಗಳಿಗೆ ೨೦೧೮ರಿಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕಾಗಿ ಐದು ಸಾವಿರದಿಂದ ಇಪ್ಪತ್ತು ಸಾವಿರ ರೂಪಾಯಿವರೆಗೆ ಅನುದಾನ ಗೊತ್ತುಮಾಡಿದೆ. ದೊಡ್ಡ ಹಣವಲ್ಲ. ಪಟ್ಟಿಯಿದ್ದವನಿಗೆ ಸಣ್ಣ ಹಣವೂ ಅಲ್ಲ.

ಪಟ್ಟಿಯೂ ಕಪಾಟೂ ಒಟ್ಟಿಗೆ ಹೋದರೆ ಏನಾಗುತ್ತದೆಂಬುದಕ್ಕೆ ದೊಡ್ಡ ನಿದರ್ಶನಗಳುಂಟು. ೧೯೬೬ರ ನವೆಂಬರಿನಲ್ಲಿ ಫ್ಲಾರೆನ್ಸಿನಲ್ಲಿ ಆರ್ನೋ ನದಿ ಉಕ್ಕಿ ರಾಷ್ಟ್ರೀಯ ಗ್ರಂಥಾಲಯಕ್ಕೆ ನುಗ್ಗಿದಾಗ ಪುಸ್ತಕಗಳ ಜೊತೆಗೆ ಸೂಚಿಯ ಕಾರ್ಡುಗಳೂ ಕೆಸರಾದವು. ಅವುಗಳನ್ನು ಒಣಗಿಸಿ ಸರಿಪಡಿಸುವುದೇ ಒಂದು ದೊಡ್ಡ ಕೆಲಸವಾಯಿತು. ೧೯೮೧ರಲ್ಲಿ ಯಾಳ್ಪಾಣದ, ಎಂದರೆ ಜಾಫ್ನಾದ, ಸಾರ್ವಜನಿಕ ಗ್ರಂಥಾಲಯವನ್ನು ಸುಟ್ಟಾಗ ಸುಮಾರು ೯೭,೦೦೦ ಗ್ರಂಥಗಳು ಬೂದಿಯಾದವು. ಕಟ್ಟಡವನ್ನು ಮತ್ತೆ ಕಟ್ಟಿದರು, ಅಚ್ಚಾದ ಪುಸ್ತಕಗಳನ್ನು ಮತ್ತೆ ಕೂಡಿಸಿದರು. ಒಂದೇ ಪ್ರತಿಯಾಗಿದ್ದ ಓಲೆಗರಿಗಳು ಮರಳಲಿಲ್ಲ. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ವಿರುದ್ಧವಾದ ನಿದರ್ಶನವಿದೆ. ಬಿ.ಎಲ್. ರೈಸ್ ೧೯೦೧ರಲ್ಲಿ ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ತಾಲ್ಲೂಕಿಗೆ ತಾಲ್ಲೂಕಿನ ಅಂಕಿ. ಮೂಡಿಗೆರೆಯ ಕಲ್ಲುಗಳಿಗೆ ಮೂಡಿಗೆರೆಯ ಅಂಕಿ. ಹೊಯ್ಸಳರ ಮೂಲಸ್ಥಾನವೆನ್ನುವ ಅಂಗಡಿಯ ಕಲ್ಲುಗಳೂ ಅದರಲ್ಲಿವೆ. ಎಲ್ಲಾದರೂ ಒಂದು ಕಲ್ಲು ಯಾರದೋ ಹಟ್ಟಿಯ ಚಪ್ಪಡಿಯಾಗಿ ಹೋದರೂ ಅದರ ಅಂಕಿ, ಅದರ ಪಾಠ ಸಂಪುಟದಲ್ಲಿ ಭದ್ರವಾಗಿವೆ.

ರಾ. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯನ್ನು ನಾನು ಈ ದೃಷ್ಟಿಯಿಂದ ಮತ್ತೆ ತೆಗೆದು ಓದಿದೆ. ೧೯೦೭, ೧೯೧೯, ೧೯೨೯ರಲ್ಲಿ ಮೂರು ಸಂಪುಟಗಳಾಗಿ ಬಂದ ಆ ಗ್ರಂಥವನ್ನು ವಿಮರ್ಶಕರು ಒಣ ಪಟ್ಟಿಯೆಂದು ಕರೆಯುವುದುಂಟು, ಎಂ.ಎ. ಓದುವಾಗ ನಾನೂ ಕರೆದಿದ್ದೆ. ರಸದ ಮಾತು ಅದರಲ್ಲಿ ಕಡಮೆ ಎಂಬುದು ಸುಳ್ಳಲ್ಲ. ಆದರೆ ದೊರೆಯದ ಕೃತಿಗಳಿಗೂ ಅದರಲ್ಲಿ ಸ್ಥಳವುಂಟು ಎಂಬುದನ್ನು ನಾವು ಗಮನಿಸುವುದಿಲ್ಲ. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ' ಇಂದು ಇಲ್ಲ. ಮಲ್ಲಿಕಾರ್ಜುನನ 'ಸೂಕ್ತಿಸುಧಾರ್ಣವ', ವಿದ್ಯಾನಂದನ 'ಕಾವ್ಯಸಾರ' ಮೊದಲಾದ ಸಂಕಲನಗಳಲ್ಲಿ ಸಿಕ್ಕಿದ ಬಿಡಿ ಪದ್ಯಗಳಿಂದ ಆ ಕಾವ್ಯದ ಮೈಕಟ್ಟನ್ನು ಊಹಿಸುತ್ತೇವೆ. ಕೇಶಿರಾಜ ತನ್ನ ವ್ಯಾಕರಣಕ್ಕೆ ಲಕ್ಷ್ಯವೆಂದು ಹೆಸರಿಸುವ ಗಜಗ, ಗುಣನಂದಿ, ಮನಸಿಜರ ಕೃತಿಗಳೂ ಇಲ್ಲ. ಇಲ್ಲದವರಿಗೂ ಒಂದೊಂದು ಸಾಲು ಖಾಲಿ ಬಿಟ್ಟು, 'ಇಂಥವನು ಇದ್ದನು, ಇವನ ಗ್ರಂಥ ದೊರೆತಿಲ್ಲ' ಎಂದು ಬರೆದಿಟ್ಟ ಪ್ರಾಮಾಣಿಕತೆ ಸಾಮಾನ್ಯವಾದದ್ದಲ್ಲ. ಹುಡುಕುವವನಿಗೆ ಏನನ್ನು ಹುಡುಕಬೇಕೆಂದು ತಿಳಿಯುವುದು ಆ ಖಾಲಿ ಸಾಲಿನಿಂದ.

ಇನ್ನು ನಾಲ್ಕನೆಯ ಆಧಾರ. ಅದು ಪುಸ್ತಕ ಎರವಲು ಕೊಟ್ಟ ವಹಿ. ಮುರುಕು ಮೇಜಿನ ಖಾನೆಯಲ್ಲಿ ಅರ್ಧ ನೆಂದು ಬಿದ್ದಿದ್ದ ಆ ವಹಿಯನ್ನು ನಾನು ಮೊದಲು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ತೆರೆದು ನೋಡಿದಾಗ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬಿತ್ತು. ಒಬ್ಬ ಮಾಸ್ತರರ ಕಾಲದಲ್ಲಿ ಪುಟಪುಟವೂ ತುಂಬಿದೆ. ಮಕ್ಕಳ ಹೆಸರು, ಪುಸ್ತಕದ ಅಂಕಿ, ಕೊಟ್ಟ ದಿನ. ಹಿಂದಕ್ಕೆ ಬಂದ ದಿನದ ಅಂಕಣ ಮಾತ್ರ ಅಲ್ಲಲ್ಲಿ ಖಾಲಿ. ಆಮೇಲೆ ಬಂದವರ ಕಾಲದಲ್ಲಿ ವರ್ಷಕ್ಕೆ ನಾಲ್ಕು ಸಾಲು. ಮುಂದೆ ಅದೂ ಇಲ್ಲ. ಕಾರಣ ಎಲ್ಲ ಮಾಸ್ತರರಿಗೂ ಗೊತ್ತು. ನಮ್ಮ ಹೆಚ್ಚಿನ ಶಾಲೆಗಳಲ್ಲಿ ಗ್ರಂಥಪಾಲನೆಂಬ ಹುದ್ದೆಯಿಲ್ಲ. ಯಾರೋ ಒಬ್ಬ ಅಧ್ಯಾಪಕರ ಕೊರಳಿಗೆ ಆ ಗಂಟೆ ಕಟ್ಟಿರುತ್ತದೆ. ಚಾರ್ಜು ಕೊಡುವಾಗ ಪುಸ್ತಕ ಕಡಮೆ ಬಂದರೆ ತನ್ನ ಸಂಬಳಕ್ಕೆ ಕೈ ಬಿದ್ದೀತೆಂಬ ಹೆದರಿಕೆ. ಆದ್ದರಿಂದ ಬೀಗ. ಬೀಗ ಹಾಕಿದ ಕಪಾಟಿನಲ್ಲಿ ಒಂದು ಪುಸ್ತಕವೂ ಕಳೆಯುವುದಿಲ್ಲ. ಕಳೆಯುವುದು ಒಂದೇ ದಿನ, ಎಲ್ಲವೂ ಒಟ್ಟಿಗೆ.

ಧಾರಾಳಿಯಾದ ಆ ಮೊದಲಿನ ಮಾಸ್ತರರ ಕಾಲದಲ್ಲಿ ಹೋಗಿ ಹಿಂದಕ್ಕೆ ಬಾರದ ಪುಸ್ತಕಗಳು ೨೦೧೯ರ ಮಳೆಯಲ್ಲಿ ನೆನೆಯಲಿಲ್ಲ! ಅವು ಊರೂರ ಮನೆಗಳಲ್ಲಿ, ಟ್ರಂಕುಗಳಲ್ಲಿ, ದೇವರ ಗೂಡಿನ ಪಕ್ಕದಲ್ಲಿ ಇದ್ದವು. ಚಾರ್ಜು ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಪುಸ್ತಕಗಳು ಕಡಮೆ' ಎಂದು ಕೆಂಪು ಶಾಯಿಯ ಷರಾ ಇದೆ. ಅವರು ಅದಕ್ಕೆ ಹಣ ತೆತ್ತರೋ ಇಲ್ಲವೋ, ಕಾಗದ ಹೇಳುವುದಿಲ್ಲ. ಇಂದು ಆ ಗ್ರಂಥಾಲಯದ ಒಳ್ಳೆಯ ಪುಸ್ತಕಗಳಲ್ಲಿ ಎಷ್ಟೋ ಉಳಿದಿರುವುದು ಅವರು ಕಳೆದುಹಾಕಿದ್ದರಿಂದ.

ಇದು ಹೊಸ ತತ್ತ್ವವೇನಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ 'ಬರೆಯಿಸಿ' ಹಂಚಿದಳೆಂಬುದನ್ನು ನಾವು ಔದಾರ್ಯದ ಕಥೆಯಾಗಿ ಹೇಳುತ್ತೇವೆ. ಅದು ಗ್ರಂಥರಕ್ಷಣೆಯ ಕಥೆಯೂ ಹೌದು. ಶಾಂತಿಪುರಾಣ ನಮಗೆ ಉಳಿದಿದೆ. ಅದೇ ಪೊನ್ನನ 'ಭುವನೈಕರಾಮಾಭ್ಯುದಯ' ಉಳಿಯಲಿಲ್ಲ. ಹಂಚಿದ್ದರಿಂದಲೇ ಉಳಿಯಿತೆಂದು ಪ್ರಮಾಣ ಮಾಡಿ ಹೇಳಲು ನಾನು ಸಿದ್ಧನಿಲ್ಲ. ಆದರೆ ಒಂದೇ ಕಟ್ಟಿನಲ್ಲಿ ಬೀಗ ಹಾಕಿಟ್ಟಿದ್ದರೆ ಉಳಿಯುತ್ತಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಎಸ್.ಆರ್. ರಂಗನಾಥನ್ ೧೯೩೧ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಬರೆದಾಗ ಪುಸ್ತಕ ಇರುವುದು ಬಳಕೆಗೆ ಎಂಬುದನ್ನು ಮೊದಲನೆಯದಾಗಿ ಇಟ್ಟರು. ಅವರು ಮುಂದೆ ಬೆಂಗಳೂರಿನಲ್ಲಿ ನೆಲಸಿದರು. ೧೯೬೨ರಲ್ಲಿ ಇಲ್ಲಿಯೇ ಗ್ರಂಥಾಲಯಶಾಸ್ತ್ರದ ಸಂಶೋಧನ ಕೇಂದ್ರವನ್ನು ಆರಂಭಿಸಿದರು. ನಮ್ಮ ರಾಜ್ಯದ ಗ್ರಂಥಾಲಯ ಶಾಸನ ೧೯೬೫ರಲ್ಲಿ ಬಂತು. ಮೊದಲ ಸೂತ್ರ ಮಾತ್ರ ನಮ್ಮ ಶಾಲೆಗಳ ಕಪಾಟಿನವರೆಗೆ ಬರಲಿಲ್ಲ. ಬೀಗದ ಕೈ ಅಡ್ಡ ಬಂತು. ಪ್ರಕೃತಿ ಕೊಂಡುಹೋದ ಪುಸ್ತಕಕ್ಕೆ ಮಹಜರು ಮಾಡಿ ರದ್ದು ಮಾಡಲು ಕಛೇರಿಗೆ ಒಂದು ಕ್ರಮವಿದೆ. ಮಗು ಕೊಂಡುಹೋಗಿ ಓದಿದ ಪುಸ್ತಕಕ್ಕೂ ಅಷ್ಟು ಸುಲಭದ ಕ್ರಮವಿದ್ದಿದ್ದರೆ!

ಎರವಲು ವಹಿಯ ಹೆಸರುಗಳನ್ನು ಹಿಡಿದು ಗೆಳೆಯ ಊರಲ್ಲಿ ಮಾತು ಬಿಟ್ಟ. ದಂಡವಿಲ್ಲ, ಪ್ರಶ್ನೆಯಿಲ್ಲ, ಪುಸ್ತಕ ಇದ್ದರೆ ತಂದುಕೊಡಿ, ಕೊಡಲು ಮನಸ್ಸಿಲ್ಲದಿದ್ದರೆ ಹೆಸರು ಮತ್ತು ಅಂಕಿ ಬರೆಸಿಹೋಗಿ ಎಂದು. ಮೊದಲ ತಿಂಗಳು ಯಾರೂ ಬರಲಿಲ್ಲ. ಶಾಲೆಯೆಂದರೆ ಬೈಗುಳವೆಂಬ ನೆನಪು ಐವತ್ತು ವರ್ಷವಾದರೂ ಹೋಗುವುದಿಲ್ಲವಷ್ಟೆ. ಆಮೇಲೆ ಒಬ್ಬೊಬ್ಬರಾಗಿ ಬಂದರು. ನಾನಿದ್ದ ಒಂದು ರವಿವಾರ ಕಳಸದ ಕಡೆಯಿಂದ ಒಬ್ಬ ಹೆಂಗಸು ಬಂದರು. ಮದುವೆಯಾಗಿ ಆ ಕಡೆಗೆ ಹೋದವರಂತೆ. ಸೆರಗಿನ ಒಳಗಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ನಿಂತೇ ಇದ್ದರು.

"ಕೂತ್ಕೊಳ್ಳಿ ಅಮ್ಮ."

"ಬೇಡಿ ಸರ್. ಹತ್ತನೇ ಕ್ಲಾಸಿನಲ್ಲಿ ತಗೊಂಡಿದ್ದು. ಆಮೇಲೆ ಕೊಡೋಕೆ ಹೆದರಿಕೆ ಆಯ್ತು. ಮಕ್ಕಳಿಗೂ ಓದಿ ಹೇಳಿದೀನಿ. ಒಂದು ಹಾಳೆ ಹರಿದಿದೆ, ಗೋಂದು ಹಾಕಿದೀನಿ."

ಅದು 'ಕರ್ವಾಲೊ'. ಗುಟ್ಟಿನ ಪುಟವನ್ನು ತೆಗೆದು ನೋಡಿದೆ, ಅಂಕಿ ಸ್ಪಷ್ಟವಾಗಿತ್ತು. ವಿಜ್ಞಾನದ ಸಾಲಿಗೆ ಸೇರಿದ್ದ ಪ್ರತಿಯೇ. ಗೆಳೆಯ ಪುಸ್ತಕವನ್ನು ಕೈಯಲ್ಲಿ ತಿರುಗಿಸಿ ನೋಡಿ, ರಿಜಿಸ್ಟರಿನಲ್ಲಿ ಎರವಲು ಎಂದು ಬರೆದು, ಅವರ ಹೆಸರಿಗೇ ಮತ್ತೆ ಕೊಟ್ಟುಬಿಟ್ಟ. ಹಿಂದಕ್ಕೆ ಕೊಡುವ ತಾರೀಖನ್ನು ಬರೆಯಲಿಲ್ಲ. ಕಾನೂನಿಗೆ ಇದು ವಿರುದ್ಧ. ಆದ್ದರಿಂದಲೇ ಶಾಲೆಯ ಹೆಸರು ಹೇಳುವುದಿಲ್ಲವೆಂದದ್ದು.

ರಿಜಿಸ್ಟರನ್ನು ರದ್ದು ಮಾಡಲಿಲ್ಲ. ಹೊಸ ವಹಿಯಲ್ಲಿ ಹಳೆಯ ಅಂಕಿಗಳನ್ನೇ ಮೊದಲಿನಿಂದ ಇಳಿಸಿದ್ದೇವೆ. ಖಚಿತವಾದದ್ದು ಶಾಯಿಯಲ್ಲಿ, ಊಹಿಸಿದ್ದು ಸೀಸದ ಕಡ್ಡಿಯಲ್ಲಿ. ಶಾಯಿ ಯಾವುದೆಂದು ಈ ಸಲ ವಿಚಾರಿಸಿ ಕೊಂಡದ್ದು. ಒಂದು ಪ್ರತಿಯನ್ನು ನನ್ನ ಮನೆಯಲ್ಲಿಟ್ಟುಕೊಂಡಿದ್ದೇನೆ, ಇನ್ನೊಂದರ ಚಿತ್ರಗಳು ಗೆಳೆಯನ ಫೋನಿನಲ್ಲಿವೆ. ದಾನವಾಗಿ ಬಂದವುಗಳಲ್ಲಿ ಇಟ್ಟುಕೊಳ್ಳತಕ್ಕವಕ್ಕೆ ಕೊನೆಯ ಅಂಕಿಯ ಮುಂದಿನಿಂದ ಅಂಕಿ ಹಾಕಿದೆವು. ವಾರ್ಷಿಕ ವರದಿಗೆ ಹಾಕಲಿಲ್ಲ. ನಡುವೆ ಎಷ್ಟೋ ಸಾಲುಗಳು ಇನ್ನೂ ಖಾಲಿ. ಕಾರಂತರ ಆ ಕಾದಂಬರಿ ಯಾವುದೆಂದು ತಿಳಿದಿಲ್ಲ. ಬೆಲೆಯ ಅಂಕಣದಲ್ಲಿ 'ಮೂರು ರೂ.' ಎಂದು ಇರುವಂತೆ ಕಾಣುತ್ತದೆ, ಗೆಳೆಯ ಅದನ್ನು ಎಂಟು ಎಂದು ಓದುತ್ತಾನೆ.